ನಮ್ಮ ಬುಟ್ಟಿಯ ಲೆಕ್ಕ ಎಲ್ಲಿ?

(ಸ್ವಸಹಾಯ ಸಂಘಗಳ ಸಭೆಯಲ್ಲಿ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಆಡಿದ ಮಾತುಗಳು)



ಬೇಸಿಗೆ ರಜೆಯಲ್ಲಿ ಸಮುದ್ರ ನೀತಿ ಮತ್ತು ಮೀನುಗಾರಿಕೆಯ ಬಗ್ಗೆ ಕಲಿಯಲು ಮಲ್ಪೆ ಬಂದರಿಗೆ ಹೋಗಿದ್ದೆ. ನನಗೆ ಕೊಟ್ಟ ಫಾರಂನಲ್ಲಿ ದೋಣಿ ಎಷ್ಟು, ಬಲೆ ಯಾವುದು, ಹಿಡಿದ ಮೀನು ಎಷ್ಟು ಅಂತ ಮಾತ್ರ ಇತ್ತು. ಬಂಗುಡೆ ಮಾರುತ್ತಿದ್ದ ಅಮ್ಮ ಒಬ್ಬರು ಕೇಳಿದರು: "ಮಗಾ, ನಮ್ಮ ಬುಟ್ಟಿಯನ್ನು ಎಲ್ಲಿ ಬರ್ಕೊಳ್ತಿ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆಯಿಟ್ಟು ಮರಿಯಾಗಲಿ ಎಂದೇ ಈ ನಿಷೇಧ. ಇದು ಬೇಕು. ಮರಿ ಉಳಿದರೆ ತಾನೇ ನಾಳೆ ಮೀನು? ಆದರೆ ದೋಣಿ ನಿಂತರೆ ಮಾರುವವರ ಸಂಪಾದನೆಯೂ ನಿಲ್ಲುತ್ತದೆ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯಲ್ಲಿ 2014ರಲ್ಲಿ ಸಣ್ಣ ಮೀನುಗಾರರಿಗಾಗಿ ಮಾರ್ಗಸೂಚಿಗಳನ್ನು ಒಪ್ಪಲಾಯಿತು. ಹಿಡಿಯುವುದಷ್ಟೇ ಅಲ್ಲ, ಒಣಗಿಸುವುದು, ಮಾರುವುದು ಕೂಡ ಮೀನುಗಾರಿಕೆಯೇ. ತೀರ್ಮಾನ ಮಾಡುವಾಗ ಹೆಂಗಸರೂ ಇರಬೇಕು ಎಂದು ಅದು ಹೇಳುತ್ತದೆ. ನಮ್ಮ ದೇಶದಲ್ಲೂ 2018-19ರಲ್ಲಿ ಕಿಸಾನ್ ಕ್ರೆಡಿಟ್ ಕಾರ್ಡನ್ನು ಮೀನುಗಾರಿಕೆಗೆ ವಿಸ್ತರಿಸಿದರು. ಅದರ ನಿಯಮದಲ್ಲಿ ಸ್ವಸಹಾಯ ಸಂಘ, ಮಹಿಳಾ ಗುಂಪುಗಳ ಹೆಸರೂ ಉಂಟು. ನಿಮ್ಮ ಸಂಘಕ್ಕೆ ಸಿಗುತ್ತದೆಯೇ ಎಂದು ಬ್ಯಾಂಕಿನಲ್ಲಿ ಒಟ್ಟಾಗಿ ಹೋಗಿ ಕೇಳಿ.

ನನ್ನದೊಂದು ಕೋರಿಕೆ. ಸಂಘದ ಪುಸ್ತಕದಲ್ಲಿ ಉಳಿತಾಯದ ಜೊತೆ ಇದನ್ನೂ ಬರೆಯಿರಿ: ಇಂದು ಎಷ್ಟಕ್ಕೆ ಕೊಂಡಿರಿ, ಎಷ್ಟಕ್ಕೆ ಮಾರಿದಿರಿ, ಎಷ್ಟು ದಿನ ಬುಟ್ಟಿ ಖಾಲಿ ಇತ್ತು. ಮುಂದೆ ನನ್ನಂಥವರು ಫಾರಂ ಹಿಡಿದು ಬಂದರೆ ಆ ಪುಸ್ತಕ ತೆರೆದು ತೋರಿಸಿ. ಬರೆದಿಟ್ಟ ಲೆಕ್ಕವನ್ನು ಯಾರೂ ಸುಲಭದಲ್ಲಿ ಇಲ್ಲ ಅನ್ನಲಾರರು.