ತಾನೇ ಗೇರು ಬದಲಿಸುವ ಗಾಡಿ

ಸಂಧಿ ಸಮಾಸಗಳನ್ನು ಹೇಳಿಕೊಡುವ ಕನ್ನಡ ಪಂಡಿತನು ಮೋಟಾರು ಗಾಡಿಯ ವಿಷಯ ಮಾತನಾಡಲು ಕುಳಿತರೆ ಕೇಳುವವರಿಗೆ ನಗು ಬಂದೀತು. ಬರಲಿ. ನನಗೆ ಈ ವಿದ್ಯೆ ಹತ್ತಿದ್ದು ಆಸೆಯಿಂದಲ್ಲ, ಒಂದು ತಪ್ಪು ಮಾಡಿದ್ದರಿಂದ. ಆ ತಪ್ಪು ಯಾವುದೆಂಬುದು ಮಾತಿನ ಓಟದಲ್ಲಿ ತಾನಾಗಿ ಬರುತ್ತದೆ.

ನಮ್ಮೂರು ಕುಂದಗೋಳ ತಾಲೂಕಿನ ಯರಗುಪ್ಪಿ. ಸುತ್ತಲೂ ಎರೆಭೂಮಿ, ಮಳೆ ಬಿದ್ದರೆ ಕಾಲಿಟ್ಟಲ್ಲಿ ಕಾಲು ಹೂಳುವ ನೆಲ. ನನ್ನ ತಂಗಿಯ ಮಗ ಇಲ್ಲಿ ಅರಿವೆ ಅಂಗಡಿ ಇಟ್ಟಿದ್ದಾನೆ. ಹುಡುಗನಾಗಿದ್ದಾಗ ರಾಶಿಯ ಯಂತ್ರದ ಬಳಿ ಬಿದ್ದು ಅವನ ಎಡಗಾಲು ಶಕ್ತಿಗುಂದಿತು. ನಡೆಯುತ್ತಾನೆ, ಆದರೆ ಕ್ಲಚ್ಚು ತುಳಿಯಲಾರ. ಆದಕಾರಣ ಕ್ಲಚ್ಚಿನ ಪೆಡಲೇ ಇಲ್ಲದ, ಏಳು ಜನ ಕೂಡ್ರುವ ಹಳೆಯ ಗಾಡಿಯೊಂದನ್ನು ಕೊಂಡ. ಕೊಳ್ಳುವಾಗಲೇ ಅದು ೨ ಲಕ್ಷ ೩೦ ಸಾವಿರ ಕಿಲೋಮೀಟರು ಓಡಿತ್ತು. ಅಂಗಡಿಯ ಗಂಟುಗಳು ಬರುವುದು ಅದರಲ್ಲೇ. ಅದಕ್ಕಿಂತ ದೊಡ್ಡ ಕೆಲಸವೆಂದರೆ, ವಾರಕ್ಕೆರಡು ದಿನ ಅವನ ತಾಯಿಯನ್ನು ಡಯಾಲಿಸಿಸಿಗೆಂದು ಹುಬ್ಬಳ್ಳಿಗೆ ಕರೆದೊಯ್ಯುವುದು. ಬೇರೆ ಗಾಡಿ ಅವನು ಓಡಿಸಲಾರ. ಈ ಗಾಡಿ ನಿಂತರೆ ಎರಡು ಜೀವ ನಿಂತಂತೆ.

ಕಳೆದ ವರ್ಷದ ಚಳಿಗಾಲದಲ್ಲಿ ಗಾಡಿ ಸೂಚನೆ ಕೊಡಲು ಆರಂಭಿಸಿತು. ಮುಂಜಾನೆ ಮುಂದಿನ ಗೇರಿಗೆ ಹಾಕಿದರೆ ಒಂದು, ಎರಡು, ಮೂರು ಎಂದು ಎಣಿಸುವಷ್ಟು ಹೊತ್ತು ಸುಮ್ಮನೆ ನಿಂತು, ಆಮೇಲೆ ಒಮ್ಮೆಲೆ ಧಡಕ್ಕೆಂದು ಹೊರಡುತ್ತಿತ್ತು. ನಯವಾದ ಡಾಂಬರು ರಸ್ತೆಯಲ್ಲೂ ಒಂದು ವೇಗಕ್ಕೆ ಬಂದಾಗ ಕಲ್ಲುಹಾಸಿನ ಮೇಲೆ ಹೋದಂತೆ ನಡುಗುತ್ತಿತ್ತು. ಹುಡುಗ ಹೇಳಿದ: “ಮಾಮಾ, ಯಾಕೋ ಗೇರ ಜಾರಿದ್ಹಂಗ ಆಗ್ತದ.” ನಾನು ಹೇಳಿದೆ: “ಹಳೇ ಗಾಡಿ, ವಯಸ್ಸಾಗೇದ. ಮುಂಜಾನೆ ನನ್ನ ಮೊಣಕಾಲೂ ಹಂಗ ಅಂತಾವ.” ಹಾಸ್ಯ ಚೆನ್ನಾಗಿತ್ತು, ಸಲಹೆ ಚೆನ್ನಾಗಿರಲಿಲ್ಲ.

ಆ ಪೆಟ್ಟಿಗೆಯೊಳಗೆ ಏನು ನಡೆಯುತ್ತದೆಂಬುದನ್ನು ಆಮೇಲೆ ಕಲಿತೆ. ಎರಡು ಟೇಬಲ್ ಫ್ಯಾನುಗಳನ್ನು ಎದುರುಬದುರು ಇಟ್ಟು ಒಂದಕ್ಕೆ ಮಾತ್ರ ವಿದ್ಯುತ್ತು ಕೊಡಿ. ಅದರ ಗಾಳಿಗೆ ಎರಡನೆಯದೂ ತಿರುಗತೊಡಗುತ್ತದೆ. ಗಾಳಿಯ ಬದಲು ಎಣ್ಣೆ ಎಂದುಕೊಂಡರೆ ಟಾರ್ಕ್ ಕನ್ವರ್ಟರಿನ ಮೂಲತತ್ತ್ವ ತಿಳಿದಂತೆಯೇ. ಇಂಜಿನಿಗೂ ಗೇರುಗಳಿಗೂ ನಡುವೆ ಇರುವುದು ಈ ಎಣ್ಣೆಯ ಸಂಬಂಧ. ಜರ್ಮನಿಯ ಹರ್ಮನ್ ಫಾಟಿಂಗರ್ ಎಂಬ ಇಂಜಿನಿಯರು ೧೯೦೫ರಲ್ಲಿ ಇದಕ್ಕೆ ಪೇಟೆಂಟು ಪಡೆದದ್ದು ಕಾರಿಗಾಗಿ ಅಲ್ಲ, ಹಡಗಿಗಾಗಿ. ಪೂರ್ತಿ ತಾನೇ ಗೇರು ಬದಲಿಸುವ ಕಾರನ್ನು ಅಮೆರಿಕದ ಜನರಲ್ ಮೋಟಾರ್ಸಿನವರು ೧೯೪೦ರ ಓಲ್ಡ್ಸ್‌ಮೊಬೈಲ್ ಮಾದರಿಯಲ್ಲಿ ಮಾರಾಟಕ್ಕೆ ತಂದರು. ನಾವಿಲ್ಲಿ ಅಂಬಾಸಿಡರಿನ, ಪದ್ಮಿನಿಯ ಸ್ಟೇರಿಂಗಿನ ಬಳಿಯ ಗೇರುಕೋಲು ಎಳೆಯುತ್ತ ಬಹುಕಾಲ ಕಳೆದೆವು.

ಕನ್ವರ್ಟರಿನ ಹಿಂದೆ ಗೇರುಗಳು. ನಡುವೆ ಸೂರ್ಯಚಕ್ರ, ಅದರ ಸುತ್ತ ಗ್ರಹಚಕ್ರಗಳು, ಅವೆಲ್ಲವನ್ನೂ ಬಳಸಿ ಒಂದು ಬಳೆಚಕ್ರ. ಈ ಹೆಸರುಗಳು ನನ್ನ ಕಲ್ಪನೆಯಲ್ಲ. ಇಂಗ್ಲಿಷಿನಲ್ಲಿಯೂ ಹೀಗೆಯೇ ಕರೆಯುತ್ತಾರೆ. ಒಂದನ್ನು ಹಿಡಿದು ನಿಲ್ಲಿಸಿ ಮತ್ತೊಂದನ್ನು ತಿರುಗಿಸಿದರೆ ಮೂರನೆಯದು ಬೇರೆ ವೇಗದಲ್ಲಿ ತಿರುಗುತ್ತದೆ. ಹೀಗೆ ಹಿಡಿಯುವ ಬಿಡುವ ಕೆಲಸ, ಎಣ್ಣೆಯಲ್ಲಿ ನೆನೆದಿರುವ ತೆಳುವಾದ ಕ್ಲಚ್ ಬಿಲ್ಲೆಗಳದು. ಬಿಲ್ಲೆಗಳನ್ನು ಒತ್ತುವುದು ಪಂಪಿನಿಂದ ಬರುವ ಎಣ್ಣೆಯ ಒತ್ತಡ. ಒತ್ತುವುದೂ ಎಣ್ಣೆ, ತಂಪು ಮಾಡುವುದೂ ಎಣ್ಣೆ, ಸವೆಯದಂತೆ ಕಾಯುವುದೂ ಎಣ್ಣೆ. ಎಣ್ಣೆ ಕೆಟ್ಟರೆ ಅಥವಾ ಬಿಲ್ಲೆ ಸವೆದರೆ ಹಿಡಿತ ಜಾರುತ್ತದೆ, ಜಾರಿದರೆ ಕಾವು, ಕಾವಿನಿಂದ ಎಣ್ಣೆ ಇನ್ನಷ್ಟು ಕೆಡುತ್ತದೆ. ಸಾಲದ ಬಡ್ಡಿಯಂತೆ ಇದು ತನ್ನಿಂದ ತಾನೇ ಬೆಳೆಯುವ ರೋಗ.

ಇಲ್ಲೊಂದು ಮಾತು. ಕ್ಲಚ್ ಪೆಡಲಿಲ್ಲದ ಗಾಡಿಗಳೆಲ್ಲ ಒಂದೇ ಜಾತಿಯಲ್ಲ. ೨೦೧೪ರಲ್ಲಿ ಮಾರುತಿಯವರ ಸೆಲೆರಿಯೊದೊಡನೆ ಬಂದ ಬಗೆಯಲ್ಲಿ ಇರುವುದು ಸಾಮಾನ್ಯ ಗೇರುಪೆಟ್ಟಿಗೆಯೇ. ಕ್ಲಚ್ಚನ್ನು ನಮ್ಮ ಕಾಲಿನ ಬದಲು ಯಂತ್ರ ತುಳಿಯುತ್ತದೆ. ಅದರ ರೋಗ ಬೇರೆ, ಮದ್ದು ಬೇರೆ. ನಾನು ಹೇಳುತ್ತಿರುವುದು ಎಣ್ಣೆಯ ಕನ್ವರ್ಟರಿನ ಗಾಡಿಯ ಕಥೆ.

ಒಂದು ಸಂಜೆ ಆಸ್ಪತ್ರೆಯಿಂದ ಹಿಂತಿರುಗುವಾಗ ಊರು ಇನ್ನೂ ಆರೇಳು ಕಿಲೋಮೀಟರು ಇರುವಲ್ಲಿ ಗಾಡಿ ನಿಂತಿತು. ಇಂಜಿನು ಕೂಗುತ್ತದೆ, ಗಾಲಿ ಅಲುಗದು. ತಂಗಿಯನ್ನು ಬಸ್ಸಿಗೆ ಹತ್ತಿಸಿ ಹುಡುಗ ನನಗೆ ಫೋನು ಮಾಡಿದ. ನಾನು ಹಿರಿಯನಲ್ಲವೇ, ಕೂಡಲೇ ಏರ್ಪಾಡು ಮಾಡಿದೆ: ಟ್ರ್ಯಾಕ್ಟರು ಕಳಿಸಿ, ಹಗ್ಗ ಕಟ್ಟಿಸಿ, ಮನೆಯ ಬಾಗಿಲಿಗೆ ಎಳೆಸಿ ತಂದೆ. ಮರುದಿನ ಅದೇ ಹಗ್ಗದಲ್ಲಿ ಹುಬ್ಬಳ್ಳಿಗೂ ಎಳೆಸಿದೆ. ಇದೇ ನಾನು ಹೇಳಿದ ತಪ್ಪು. ಎಣ್ಣೆಯ ಪಂಪನ್ನು ತಿರುಗಿಸುವುದು ಇಂಜಿನು. ಇಂಜಿನು ನಿಂತಿರುವಾಗ ಹಿಂದಿನ ಗಾಲಿಗಳು ತಿರುಗಿದರೆ ಪೆಟ್ಟಿಗೆಯ ಒಳಗಿನ ಚಕ್ರಗಳೂ ತಿರುಗುತ್ತವೆ, ಆದರೆ ಅವುಗಳಿಗೆ ಎಣ್ಣೆ ಮುಟ್ಟುವುದಿಲ್ಲ. ಇಂಥ ಗಾಡಿಯನ್ನು ಪೂರ್ತಿಯಾಗಿ ಲಾರಿಯ ಮೇಲೆ ಹೇರಿಕೊಂಡು ಒಯ್ಯಬೇಕು; ಅದಾಗದಿದ್ದರೆ ದೂಡುವ ಗಾಲಿಗಳನ್ನಾದರೂ ನೆಲದಿಂದ ಎತ್ತಿರಬೇಕು. ಹಗ್ಗದ ದುಡ್ಡು ಉಳಿಸಿ ಪೆಟ್ಟಿಗೆ ಕೆಡಿಸಿದೆ.

ಹುಬ್ಬಳ್ಳಿಯಲ್ಲಿ ಮೊದಲನೆಯವನು “ಎಣ್ಣಿ ಬದಲಿ ಮಾಡಿದ್ರ ಸರಿ ಹೋಗ್ತದರಿ” ಎಂದ. ಎರಡನೆಯವನು ಗಾಡಿಯ ಬಾಗಿಲನ್ನೂ ತೆರೆಯದೆ “ಇಡೀ ಪೆಟ್ಟಿಗಿನ ಹೊಸಾದು ಹಾಕಬೇಕು” ಎಂದ. ಮೂರನೆಯವರು ವಯಸ್ಸಾದ ಮಿಸ್ತ್ರಿ. ಮೊದಲು ಸ್ಕ್ಯಾನರು ಚುಚ್ಚಿ ಗಾಡಿ ನೆನಪಿಟ್ಟುಕೊಂಡಿದ್ದ ದೋಷಗಳನ್ನು ಓದಿದರು. ಆಮೇಲೆ ಎಣ್ಣೆ ಇಳಿಸಿದರು. ಕೆಂಪಗಿರಬೇಕಾದದ್ದು ಕಷಾಯದ ಬಣ್ಣಕ್ಕೆ ತಿರುಗಿತ್ತು, ಸುಟ್ಟ ವಾಸನೆ. ತಳದ ತಟ್ಟೆ ಬಿಚ್ಚಿ ಅಲ್ಲಿದ್ದ ಅಯಸ್ಕಾಂತವನ್ನು ನನ್ನ ಕಣ್ಣೆದುರು ಹಿಡಿದರು. “ನೋಡ್ರಿ ಮಾಸ್ತರ, ಬೂದಿಯಂಥಾ ನುಣ್ಣಗಿನ ರಾಡಿ ಇದ್ರ ಅದು ವಯಸ್ಸಿನ ಲಕ್ಷಣ, ಚಿಂತಿಲ್ಲ. ಇಲ್ಲಿ ಹೊಳಿಯೋ ಚೂರು ಅದಾವ, ಕರೀ ಪುಡೀನೂ ಅದ. ಬಿಲ್ಲಿ ಸವದಾವ. ಈಗ ಹೊಸಾ ಎಣ್ಣಿ ಹಾಕಿದ್ರ ಸತ್ತ ಎತ್ತಿಗೆ ಹುಲ್ಲು ಹಾಕಿದ್ಹಂಗ.”

ಎಣ್ಣೆಯನ್ನು ಎಂದು ಬದಲಿಸಬೇಕಿತ್ತೆಂದು ಕೇಳಿದೆ. ಕೆಲವು ಗಾಡಿಗಳಲ್ಲಿ ಈ ಎಣ್ಣೆ ಗಾಡಿಯ ಆಯುಷ್ಯಕ್ಕೆಲ್ಲ ಸಾಕೆಂದು ಅಚ್ಚು ಹಾಕಿರುತ್ತಾರಂತೆ. ಆಯುಷ್ಯವೆಂಬ ಪದಕ್ಕೆ ಅರ್ಥವೇನೆಂದು ಅವರು ಬರೆದಿರುವುದಿಲ್ಲ. ಪಂಡಿತನಾದ ನಾನಾದರೂ ಆ ಪದವನ್ನು ಸಂದೇಹದಿಂದ ಓದಬೇಕಿತ್ತು. ಅನೇಕ ಗಾಡಿಗಳಲ್ಲಿ ಎಣ್ಣೆಯ ಮಟ್ಟ ನೋಡುವ ಕಡ್ಡಿಯೂ ಇರುವುದಿಲ್ಲ. ಇಂಜಿನು ನಡೆಯುತ್ತಿರುವಾಗ, ಎಣ್ಣೆ ಗೊತ್ತಾದ ಕಾವಿಗೆ ಬಂದಾಗ, ಒಂದು ಮುಚ್ಚಳ ಬಿಚ್ಚಿ ನೋಡಬೇಕು. ಹಾಕುವ ಎಣ್ಣೆಯೂ ಗಾಡಿಯ ಪುಸ್ತಕದಲ್ಲಿ ಹೇಳಿದ್ದೇ ಆಗಬೇಕು. ಆ ನಡುಕ ಕಾಣಿಸಿಕೊಂಡಾಗಲೇ ತಂದಿದ್ದರೆ ಎಣ್ಣೆಯಲ್ಲೇ ಮುಗಿಯುತ್ತಿತ್ತೇನೋ ಎಂದರು. ನನ್ನ ಮೊಣಕಾಲಿನ ಹಾಸ್ಯ ನೆನಪಾಯಿತು.

ರಿಪೇರಿಯ ಲೆಕ್ಕ ಕೇಳಿ ಹುಡುಗನ ಮುಖ ಬಾಡಿತು. ಅಷ್ಟರಲ್ಲಿ ಗಾಡಿ ಮಾರಿಸುವ ದಲ್ಲಾಳಿಯೊಬ್ಬ ಸಿಕ್ಕ. ದಪ್ಪನೆಯ ಎಣ್ಣೆ ಹಾಕಿಸಿ, ಗಾಡಿ ತಣ್ಣಗಿರುವಾಗ ಗಿರಾಕಿಗೆ ತೋರಿಸಿದರೆ ಅರ್ಧ ತಾಸು ಯಾರಿಗೂ ತಿಳಿಯುವುದಿಲ್ಲ ಎಂದ. ಶಾಲೆಯಲ್ಲಿ ಮಕ್ಕಳಿಗೆ ನಿಜ ಹೇಳಿರೆಂದು ಕಲಿಸುವ ನಾನು ಆಗ ಬಾಯಿ ಬಿಡಲಿಲ್ಲ. ಒಳಗೊಳಗೇ ಲೆಕ್ಕ ಹಾಕುತ್ತಿದ್ದೆ. ರಾತ್ರಿ ಊಟಕ್ಕೆ ಕುಳಿತಾಗ ತಂಗಿಯೇ ಕೇಳಿದಳು: “ಅಣ್ಣಾ, ನಮಗ ಇದನ್ನ ಮಾರಿದವ್ರು ಹಿಂಗ ಮಾಡಿದ್ರೇನು?” ನಾವಿಬ್ಬರೂ ರೊಟ್ಟಿ ಮುರಿಯುತ್ತ ಕುಳಿತೆವು.

ಹಳೆಯ ಪೆಟ್ಟಿಗೆ ತಂದು ಕೂಡಿಸುವುದು ಅಗ್ಗವಾಗಿತ್ತು. ಆದರೆ ಅದರ ಒಳಗಿನ ಕಥೆ ಯಾರಿಗೆ ಗೊತ್ತು? ಇದ್ದುದನ್ನೇ ಬಿಚ್ಚಿಸಿ ಬಿಲ್ಲೆ, ಸೀಲು, ಕನ್ವರ್ಟರು ಹೊಸದು ಹಾಕಿಸಿದೆವು. ಎಣ್ಣೆ ತಂಪು ಮಾಡುವ ಕೂಲರಿನಲ್ಲಿ ಹಳೆಯ ಚೂರು ಉಳಿದರೆ ಹೊಸ ಬಿಲ್ಲೆಯನ್ನೂ ತಿನ್ನುತ್ತದೆಂದು ಮಿಸ್ತ್ರಿ ಅದನ್ನೂ ಬದಲಿಸಿದರು. ಅರ್ಧ ಖರ್ಚು ನಾನು ಕೊಟ್ಟೆ. ದಾನವಲ್ಲ, ಟ್ರ್ಯಾಕ್ಟರಿನ ದಂಡ. ಗಾಡಿ ಬರುವವರೆಗೆ ಇಪ್ಪತ್ತೆರಡು ದಿನ ತಂಗಿ ಬಸ್ಸಿನಲ್ಲಿ ಹೋಗಿಬಂದಳು. ಜೊತೆಗೆ ನಾನು ರಜೆ ಹಾಕಿ ಹೋದೆ.

ಈಗ ಗಾಡಿ ಓಡುತ್ತಿದೆ. ಏರಿನಲ್ಲಿ ನಿಂತಾಗ ಹುಡುಗ ಆಕ್ಸಿಲರೇಟರು ಒತ್ತಿ ಹಿಡಿಯುವುದಿಲ್ಲ, ಬ್ರೇಕು ಹಿಡಿಯುತ್ತಾನೆ. ಗಾಡಿ ಪೂರ್ತಿ ನಿಲ್ಲದೆ ಹಿಂದಿನ ಗೇರಿಗೆ ಹಾಕುವುದಿಲ್ಲ. ಹಿಂದಿನ ಗಾಜಿನ ಮೇಲೆ ನನ್ನ ಕೈಬರಹದಲ್ಲಿ “ಈ ವಾಹನಕ್ಕೆ ಹಗ್ಗ ಕಟ್ಟಿ ಎಳೆಯಕೂಡದು” ಎಂದು ಬರೆಸಿದ್ದಾನೆ. ಟ್ರ್ಯಾಕ್ಟರಿನ ಹುಡುಗ ಮೊನ್ನೆ ಅದನ್ನು ನಿಂತು ಓದಿ, “ಮಾಸ್ತರ, ಇದು ನನಗ ಬರದದ್ದೋ, ನಿಮಗ ಬರಕೊಂಡದ್ದೋ?” ಎಂದು ಕೇಳಿದ.