ತಾನೇ ಚೇತರಿಸಿಕೊಳ್ಳುವ ನೆಟ್‌ವರ್ಕ್



ಈ ವಿಚಾರ ಸಂಕಿರಣದ ಬಹುಪಾಲು ಪ್ರಬಂಧಗಳು ನೆಟ್‌ವರ್ಕಿನ ವೇಗದ ಬಗ್ಗೆ ಇವೆ. ಆಶಯ ಭಾಷಣದ ಸಲಿಗೆ ಬಳಸಿಕೊಂಡು ನಾನು ಬೇರೊಂದು ದಾರಿ ಹಿಡಿಯುತ್ತೇನೆ. ರೇಡಿಯಾ ಪರ್ಲ್‌ಮನ್ ಎಂಬ ವಿಜ್ಞಾನಿಯ ಕೆಲಸದ ಬಗ್ಗೆ ಮಾತಾಡುತ್ತೇನೆ. ಸ್ಪ್ಯಾನಿಂಗ್ ಟ್ರೀ ಪಾಠದಲ್ಲಿ ಅವರ ಹೆಸರನ್ನು ನೀವು ಒಂದು ಸಾಲಿನಲ್ಲಿ ಓದಿ ಮುಂದೆ ಹೋಗಿರುತ್ತೀರಿ. ಪತ್ರಿಕೆಗಳು ಅವರನ್ನು ‘ಇಂಟರ್ನೆಟ್ಟಿನ ತಾಯಿ’ ಎನ್ನುತ್ತವೆ. ಆ ಬಿರುದು ಅವರಿಗೆ ಹಿಡಿಸದು, ನನಗೂ ಹಿಡಿಸದು. ತಾಯಿ ಎಂದು ಕೈಮುಗಿದುಬಿಟ್ಟರೆ ಅವರು ಮಾಡಿದ್ದೇನು ಎಂದು ಕೇಳುವ ಗೋಜೇ ಉಳಿಯುವುದಿಲ್ಲ.

ಹುಟ್ಟಿದ್ದು 1951ರಲ್ಲಿ, ಅಮೆರಿಕದ ವರ್ಜೀನಿಯಾದಲ್ಲಿ, ಬೆಳೆದದ್ದು ನ್ಯೂಜೆರ್ಸಿಯಲ್ಲಿ. ತಂದೆ ತಾಯಿ ಇಬ್ಬರೂ ಸರ್ಕಾರಿ ಎಂಜಿನಿಯರುಗಳು. ಎಂಐಟಿಯಲ್ಲಿ ಓದಿದ್ದು ಗಣಿತ. ತರಗತಿಗಳಲ್ಲಿ ಹುಡುಗಿಯರು ಬೆರಳೆಣಿಕೆಯಷ್ಟಿದ್ದ ಕಾಲ ಅದು. ಚಿಕ್ಕಂದಿನಲ್ಲಿ ರೇಡಿಯೋ ಬಿಚ್ಚಿ ಜೋಡಿಸಿದ ಹುಡುಗಿ ಅವರಲ್ಲ; ಅದನ್ನು ಅವರೇ ಹೇಳಿಕೊಂಡಿದ್ದಾರೆ. ಯಂತ್ರ ಬಿಚ್ಚುವ ಹುಚ್ಚಿಲ್ಲದವರು ಈ ಕ್ಷೇತ್ರಕ್ಕೆ ತಕ್ಕವರಲ್ಲ ಎಂದು ಇಲ್ಲಿ ಯಾರಾದರೂ ಅಂದುಕೊಂಡಿದ್ದರೆ ದಯವಿಟ್ಟು ಗಮನಿಸಿ.

1980ರಲ್ಲಿ ಅವರು ಡಿಜಿಟಲ್ ಈಕ್ವಿಪ್‌ಮೆಂಟ್ ಕಾರ್ಪೊರೇಷನ್ ಸೇರಿದರು. ಆಗ ಈಥರ್ನೆಟ್ಟೇ ಇಡೀ ನೆಟ್‌ವರ್ಕ್ ಎಂದುಕೊಂಡ ಜನ ರೌಟಿಂಗ್ ನಡೆಯುವ ಮೂರನೆಯ ಪದರವನ್ನೇ ಬಿಟ್ಟು ಅಪ್ಲಿಕೇಶನ್ ಬರೆಯುತ್ತಿದ್ದರು. ಇದು ತಪ್ಪೆಂದು ಪರ್ಲ್‌ಮನ್ ವಾದಿಸಿದರು, ವಾದ ನಡೆಯಲಿಲ್ಲ. ಕೊನೆಗೆ, ಬಳಕೆದಾರರ ಕಂಪ್ಯೂಟರುಗಳನ್ನು ಮುಟ್ಟದೆಯೇ ಈಥರ್ನೆಟ್‌ಗಳನ್ನು ಬೆಸೆಯುವ ಪೆಟ್ಟಿಗೆಯೊಂದನ್ನು ಮೇಲಧಿಕಾರಿ ಅವರಿಂದಲೇ ಕೇಳಿದರು. ತೊಡಕೇನೆಂದರೆ ಈಥರ್ನೆಟ್ ಫ್ರೇಮಿನಲ್ಲಿ ಹಾಪ್ ಎಣಿಕೆ ಇಲ್ಲ. ದಾರಿಯಲ್ಲಿ ಒಂದು ಸುತ್ತು ಸಿಕ್ಕರೆ ಸಾಕು, ಫ್ರೇಮು ಸಾಯುವುದೇ ಇಲ್ಲ, ಮರಿ ಹಾಕುತ್ತಾ ಹೋಗುತ್ತದೆ. ನಿಮ್ಮ ಲ್ಯಾಬಿನಲ್ಲಿ ಸ್ಪ್ಯಾನಿಂಗ್ ಟ್ರೀ ಪ್ರೋಟೋಕಾಲ್ (ಎಸ್‌ಟಿಪಿ) ಆಫ್ ಮಾಡಿ, ಎರಡು ಸ್ವಿಚ್‌ಗಳ ನಡುವೆ ಎರಡನೆಯ ಕೇಬಲ್ ಸಿಕ್ಕಿಸಿ, ಒಂದು ಬ್ರಾಡ್‌ಕಾಸ್ಟ್ ಕಳಿಸಿ ನೋಡಿ. ಪೋರ್ಟಿನ ದೀಪಗಳೆಲ್ಲ ಹುಚ್ಚೆದ್ದು ಮಿನುಗತೊಡಗುತ್ತವೆ. (ಕಾಲೇಜಿನ ಮುಖ್ಯ ನೆಟ್‌ವರ್ಕಿನಲ್ಲಿ ಮಾತ್ರ ಬೇಡ.)

ಪರಿಹಾರ ಅವರಿಗೆ ಅಂದು ರಾತ್ರಿಯೇ ಹೊಳೆಯಿತು. ಪೆಟ್ಟಿಗೆಗಳು ತಮ್ಮತಮ್ಮ ಸಂಖ್ಯೆ ಹೇಳಿಕೊಳ್ಳಲಿ, ಎಲ್ಲಕ್ಕಿಂತ ಚಿಕ್ಕ ಸಂಖ್ಯೆಯದು ಮರದ ಬೇರು (ರೂಟ್) ಆಗಲಿ; ಉಳಿದವು ಬೇರಿಗೆ ಹತ್ತಿರದ ದಾರಿ ಇಟ್ಟುಕೊಂಡು, ಸುತ್ತು ಕಟ್ಟುವ ಪೋರ್ಟುಗಳನ್ನು ಮುಚ್ಚಲಿ. ಕೊಂಡಿಯೊಂದು ಕಡಿದರೆ ಮುಚ್ಚಿದ ಪೋರ್ಟು ತಾನೇ ತೆರೆದುಕೊಳ್ಳಲಿ. ಇದೇ ಸ್ಪ್ಯಾನಿಂಗ್ ಟ್ರೀ. ಬರೆದು ಮುಗಿಸಲು ಸೋಮವಾರ, ಮಂಗಳವಾರ ಸಾಕಾಯಿತು. ಮೇಲಧಿಕಾರಿ ಆ ವಾರ ರಜೆಯಲ್ಲಿದ್ದರು. ವಾರದ ಉಳಿದ ದಿನಗಳಲ್ಲಿ ಅದೇ ಅಲ್ಗಾರಿದಮ್ಮಿನ ಮೇಲೆ ಪದ್ಯ ಬರೆದರು! 1985ರ ಅವರ ಪ್ರಬಂಧ ಆ ಪದ್ಯದಿಂದಲೇ ಶುರುವಾಗುತ್ತದೆ.

ಹೀಗೆ ಕೆಲವೇ ದಿನಗಳ ಕೆಲಸಕ್ಕೆ ಲೋಕಪ್ರಸಿದ್ಧಿ ಬಂತು. ಅವರ ನಿಜವಾದ ದೊಡ್ಡ ಕೆಲಸ ಇನ್ನೊಂದು ಎಂಬುದು ನನ್ನ ಅಭಿಪ್ರಾಯ.

1980ರ ಅಕ್ಟೋಬರ್ 27ರಂದು, ಇಂಟರ್ನೆಟ್ಟಿನ ಪೂರ್ವರೂಪವಾದ ಅರ್ಪಾನೆಟ್ ಕೆಲವು ಗಂಟೆ ಕೆಟ್ಟು ನಿಂತಿತು. ಯಂತ್ರವೊಂದರಲ್ಲಿ ಬಿಟ್‌ಗಳು ಉದುರಿ, ಒಂದೇ ನೋಡ್‌ನ ಹೆಸರಿನಲ್ಲಿ 44, 40, 8 ಎಂಬ ಕ್ರಮಸಂಖ್ಯೆಯ ಮೂರು ಸಂದೇಶಗಳು ಹೊರಬಿದ್ದವು. ಕ್ರಮಸಂಖ್ಯೆಗೆ ಇದ್ದದ್ದು 6 ಬಿಟ್. 63 ಆದ ಮೇಲೆ ಮತ್ತೆ 0. ಆ ಲೆಕ್ಕದಲ್ಲಿ 8ಕ್ಕಿಂತ 40 ಹೊಸದು, 40ಕ್ಕಿಂತ 44 ಹೊಸದು, 44ಕ್ಕಿಂತ 8 ಹೊಸದು. ಪ್ರತಿ ನೋಡೂ ‘ಹೊಸ ಸುದ್ದಿ ಬಂತು’ ಎಂದು ನೆರೆಯವರಿಗೆ ದಾಟಿಸುತ್ತಲೇ ಹೋಯಿತು. ಕೆಟ್ಟ ಯಂತ್ರವನ್ನು ಕಿತ್ತೆಸೆದರೂ ಪ್ರಯೋಜನವಿರಲಿಲ್ಲ, ರೋಗ ಆಗಲೇ ಎಲ್ಲೆಡೆ ಹಬ್ಬಿತ್ತು. ಮನುಷ್ಯರೇ ಕೈಹಾಕಬೇಕಾಯಿತು.

1983ರ ಪ್ರಬಂಧದಲ್ಲಿ ಪರ್ಲ್‌ಮನ್ ಇದಕ್ಕೆ ಮದ್ದು ಕೊಟ್ಟರು. ಕ್ರಮಸಂಖ್ಯೆ ಇಂಥ ಸುತ್ತಿನಲ್ಲಿ ಸಿಕ್ಕಿಕೊಳ್ಳಬಾರದು, ಸಂದೇಶಕ್ಕೆ ಆಯಸ್ಸಿರಬೇಕು, ಎಂಥ ಕಸ ಒಳಬಂದರೂ ಕೆಟ್ಟ ಯಂತ್ರ ಹೊರಹೋದ ಮೇಲೆ ನೆಟ್‌ವರ್ಕ್ ತಾನೇ ನೆಟ್ಟಗಾಗಬೇಕು. ಐಎಸ್-ಐಎಸ್, ಒಎಸ್‌ಪಿಎಫ್ ಎಂಬ ರೌಟಿಂಗ್ ಪ್ರೋಟೋಕಾಲ್‌ಗಳ ಒಳಗೆ ಇಂದಿಗೂ ಆ ಕಟ್ಟು ಇದೆ. 1988ರ ಪಿಎಚ್‌ಡಿಯಲ್ಲಿ ಇನ್ನೂ ಮುಂದೆ ಹೋದರು: ಕೆಲವು ರೌಟರುಗಳು ಬೇಕೆಂದೇ ಸುಳ್ಳು ಹೇಳಿದರೂ, ನಡುವೆ ಪ್ರಾಮಾಣಿಕವಾದ ಒಂದು ದಾರಿ ಉಳಿದಿದ್ದರೆ ಪ್ಯಾಕೆಟ್ ಗುರಿ ಮುಟ್ಟಬೇಕು. ಅಂದಿಗೆ ಅದು ಅತಿ ಎನ್ನಿಸಿರಬಹುದು. ಇಂದಿನ ಬಿಜಿಪಿ ರೌಟಿಂಗ್‌ನ ಎಡವಟ್ಟುಗಳನ್ನು ಕಂಡವರಿಗೆ ಹಾಗೆನ್ನಿಸದು.

ಆಮೇಲೆ ಸನ್, ಇಂಟೆಲ್ ಕಂಪನಿಗಳಲ್ಲಿ ಕೆಲಸ, ನೂರಕ್ಕೂ ಹೆಚ್ಚು ಪೇಟೆಂಟ್. 2014ರಲ್ಲಿ ಇಂಟರ್ನೆಟ್ ಹಾಲ್ ಆಫ್ ಫೇಮ್. ಅವರ ‘ಇಂಟರ್‌ಕನೆಕ್ಷನ್ಸ್’ ಪುಸ್ತಕ ಹುಡುಕಿ ಓದಿ. ಒಂದು ನಿಯಮವನ್ನು ಏಕೆ ಹಾಗೆ ಮಾಡಿದರು, ಎಲ್ಲಿ ಕೆಡಿಸಿದರು ಎಂದು ಅಷ್ಟು ನಿರ್ದಾಕ್ಷಿಣ್ಯವಾಗಿ ಹೇಳುವ ಪಠ್ಯಗಳು ಕಡಿಮೆ.

ಪ್ರಬಂಧ ಮಂಡಿಸುವವರಲ್ಲಿ ನನ್ನ ಕೋರಿಕೆ ಇಷ್ಟೆ. ನಿಮ್ಮ ಗ್ರಾಫುಗಳ ಜೊತೆ ಒಂದು ಸ್ಲೈಡ್ ಸೇರಿಸಿ: ಕೆಟ್ಟ ಸಂದೇಶವೊಂದು ಒಳಹೊಕ್ಕರೆ ನಿಮ್ಮ ಪ್ರೋಟೋಕಾಲ್ ಯಾರ ಕೈಯನ್ನೂ ಕಾಯದೆ ಸರಿಹೋಗುತ್ತದೆಯೇ, ಎಷ್ಟು ಹೊತ್ತಿನಲ್ಲಿ? ಆ ಸ್ಲೈಡ್ ಇಲ್ಲದವರನ್ನು ಸಭಿಕರು ಸಂಕೋಚವಿಲ್ಲದೆ ಎದ್ದುನಿಂತು ಕೇಳಬೇಕು.