ಎದೆನೋವಿನ ಆ ರಾತ್ರಿ
(ಹಾಸನದ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



2025ರ ಮೇ ಮತ್ತು ಜೂನ್ ತಿಂಗಳುಗಳನ್ನು ಈ ಜಿಲ್ಲೆಯ ಜನರು ಮರೆತಿರಲಾರರು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಲ್ಲೆಡೆಯೂ ಹೃದಯಾಘಾತದ್ದೇ ಮಾತಾಗಿತ್ತು. ಎದೆಯಲ್ಲಿ ಸಣ್ಣ ಸೆಳೆತ ಕಂಡವರೂ ಮೈಸೂರಿನ ಜಯದೇವ ಆಸ್ಪತ್ರೆಗೆ ಧಾವಿಸಿದರು. ಸರಕಾರವು ಡಾ. ಕೆ.ಎಸ್. ರವೀಂದ್ರನಾಥ್‌ರ ನೇತೃತ್ವದಲ್ಲಿ ಸಮಿತಿಯನ್ನು ರಚಿಸಿತು. 24 ಮರಣಗಳನ್ನು ಪರಿಶೀಲಿಸಿದ ಸಮಿತಿಯು, ಅವುಗಳಲ್ಲಿ ನಾಲ್ಕು ಹೃದಯಕ್ಕೆ ಸಂಬಂಧಿಸಿದವೇ ಅಲ್ಲವೆಂದೂ ಹೃದಯಾಘಾತಗಳಲ್ಲಿ ಅಸಹಜ ಏರಿಕೆ ಕಂಡುಬಂದಿಲ್ಲವೆಂದೂ ವರದಿ ನೀಡಿತು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ಮದ್ಯಪಾನ- ಕಾರಣಗಳು ಹಳೆಯವೇ. ಮೃತರಲ್ಲಿ ಆಟೋ, ಕಾರು ಚಾಲಕರು ಹಲವರಿದ್ದರು.

ಆ ದಿನಗಳಲ್ಲಿ ನಮ್ಮಿಂದಲೇ ಆದ ಒಂದು ತಪ್ಪನ್ನು ಮೊದಲು ಹೇಳಿಬಿಡುತ್ತೇವೆ. ಮಧ್ಯರಾತ್ರಿ ಪರಿಚಯದ ಆಟೋ ಚಾಲಕರೊಬ್ಬರ ಮನೆಯಿಂದ ಕರೆ ಬಂತು. ಮದ್ರಸದಲ್ಲಿ ಕಲಿತವರೆಂಬ ಕಾರಣಕ್ಕೆ ನಮಗೆ ಇಂತಹ ಕರೆಗಳು ಬರುತ್ತಿರುತ್ತವೆ. ಅವರಿಗೆ ಎದೆನೋವು, ಮೈಯೆಲ್ಲಾ ಬೆವರು. ಅವರ ತಾಯಿ ನಝರ್ ತಗಲಿದೆಯೆಂದು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ದರು. ಪತ್ನಿ ಮಾತ್ರ, ತನ್ನ ತಂದೆಗೂ ಹೀಗೆಯೇ ಬೆವರಿತ್ತು, ಇದು ಗ್ಯಾಸ್ ಅಲ್ಲವೆಂದು ಹೇಳುತ್ತಲೇ ಇದ್ದರು. ನಾವು ಫೋನಿನಲ್ಲಿಯೇ ದುಆ ಓದಿ, ಬೆಳಗಾಗಲಿ, ನೋಡೋಣವೆಂದೆವು. ಬೆಳಗಾಗುವಷ್ಟರಲ್ಲಿ ಹೃದಯದ ಸ್ನಾಯುವಿಗೆ ದೊಡ್ಡ ಹಾನಿಯಾಗಿತ್ತು. ಅವರು ಬದುಕಿದ್ದಾರೆ, ಆದರೆ ಆಟೋ ಓಡಿಸಲಾರರು.

ಆ ಹೆಣ್ಣುಮಗಳ ಮಾತನ್ನು ನಾವು ಗಾಬರಿಯೆಂದುಕೊಂಡೆವು, ನಮ್ಮ ಮಾತನ್ನು ವಿವೇಕವೆಂದುಕೊಂಡೆವು. ನಿಜವಾಗಿ ಆ ಮನೆಯಲ್ಲಿ ತರ್ಕಕ್ಕೆ ಹತ್ತಿರವಿದ್ದುದು ಅವರ ಅಂತಃಪ್ರೇರಣೆಯೇ. ಅರಕಲಗೂಡಿನ ಆಲೂಗಡ್ಡೆ ಬೆಳೆಗಾರನು ಜಿಟಿಜಿಟಿ ಮಳೆ, ಮೋಡ ನಾಲ್ಕು ದಿನ ಹಿಡಿದರೆ ಎಲೆಯ ಮೇಲೆ ಕಲೆ ಕಾಣುವ ಮೊದಲೇ ಅಂಗಮಾರಿಯನ್ನು ಶಂಕಿಸುತ್ತಾನೆ. ಕಾರಣ ಕೇಳಿದರೆ ವಿವರಿಸಲಾರ. ಅದು ಮೌಢ್ಯವಲ್ಲ, ಕಂಡುಂಡ ಅನುಭವ. ಹೊಲಕ್ಕೆ ಹೋಗಿ ಎಲೆ ತಿರುವಿ ನೋಡಿದರೆ ಅದು ಸರಿಯೋ ತಪ್ಪೋ ತಿಳಿಯುತ್ತದೆ. ನಝರಿನ ಮಾತಿಗೆ ಅಂತಹ ಪರೀಕ್ಷೆಯೇ ಇಲ್ಲ. ಮೆಣಸಿನಕಾಯಿ ಘಾಟು ಬಂದರೂ ಒಂದು ಅರ್ಥ, ಬಾರದಿದ್ದರೂ ಒಂದು ಅರ್ಥ!

ಆದರೆ ಪರೀಕ್ಷೆಗೆ ಒಡ್ಡದ ಅಂತಃಪ್ರೇರಣೆಯೂ ದಾರಿ ತಪ್ಪುತ್ತದೆ. ವಾಸ್ತುವಿನ ಹೆಸರಿನಲ್ಲಿ ಮುಚ್ಚಿದ್ದ ವಿಧಾನಸೌಧದ ಬಾಗಿಲನ್ನು 2023ರಲ್ಲಿ ತೆರೆಸಿದವರು, ಅಧಿಕಾರ ಹೋಗುತ್ತದೆಂಬ ಭಯಕ್ಕೆ ಸೊಪ್ಪು ಹಾಕದೆ ಚಾಮರಾಜನಗರಕ್ಕೆ ಹಲವು ಬಾರಿ ಹೋದವರು ಸಿದ್ದರಾಮಯ್ಯ. ಅದೇ ನಾಯಕರು 2025ರ ಜುಲೈ ಆರಂಭದಲ್ಲಿ, ಸಮಿತಿಯ ವರದಿ ಬರುವ ಮೊದಲೇ, ಹಾಸನದ ಸಾವುಗಳಿಗೆ ಕೋವಿಡ್ ಲಸಿಕೆಯೂ ಕಾರಣವಿರಬಹುದೆಂದರು. ಕೇಂದ್ರ ಆರೋಗ್ಯ ಸಚಿವಾಲಯವು ಅಧ್ಯಯನಗಳನ್ನು ಮುಂದಿಟ್ಟು ಅದನ್ನು ತಳ್ಳಿಹಾಕಿತು.

ರಾಜಕಾರಣಿಗಳ ನಿಂಬೆಹಣ್ಣನ್ನು ಕಂಡು ನಾವು ನಗುತ್ತೇವೆ. ಸಫರ್ ತಿಂಗಳ ಮೊದಲ ಹದಿಮೂರು ದಿನಗಳನ್ನು ‘ತೇರಾ ತೇಝಿ’ಯೆಂದು ಕರೆದು ಮದುವೆಯ ಮಾತನ್ನೂ ಎತ್ತದವರು ಯಾರು? ಸಫರ್‌ನಲ್ಲಿ ಅಪಶಕುನವಿಲ್ಲವೆಂದು ಪ್ರವಾದಿ(ಸ) ಸ್ಪಷ್ಟಪಡಿಸಿದ್ದಾರೆ. ತಮ್ಮ ಪುತ್ರ ಇಬ್ರಾಹೀಮ್ ನಿಧನರಾದ ದಿನ ಗ್ರಹಣ ಸಂಭವಿಸಿದಾಗ, ಸೂರ್ಯಚಂದ್ರರಿಗೆ ಯಾರ ಮರಣದಿಂದಲೂ ಗ್ರಹಣ ಹಿಡಿಯುವುದಿಲ್ಲವೆಂದು ತಿದ್ದಿದವರು ಅವರೇ. ಪುತ್ರಶೋಕದ ದಿನವೂ ಅವರು ಜನರ ತಪ್ಪು ತಿಳುವಳಿಕೆಯನ್ನು ಹಾಗೆಯೇ ಬಿಡಲಿಲ್ಲ.

ಇಸ್ತಿಖಾರಾದ ಗತಿಯೂ ಅಷ್ಟೆ. ಯೋಚಿಸಿ, ಬಲ್ಲವರನ್ನು ವಿಚಾರಿಸಿ, ಎರಡು ರಕಅತ್ ನಮಾಝ್ ಮಾಡಿ, ಒಳಿತಾಗಿದ್ದರೆ ಸುಲಭಗೊಳಿಸೆಂದು ಅಲ್ಲಾಹನಲ್ಲಿ ಬೇಡುವುದು ಇಸ್ತಿಖಾರಾ. ಕನಸು ಬೀಳಬೇಕೆಂಬ ಷರತ್ತು ಅದರಲ್ಲಿಲ್ಲ. ನಾವಾದರೋ ಹಣ ಕೊಟ್ಟು ಬೇರೆಯವರಿಂದ ಇಸ್ತಿಖಾರಾ ‘ತೆಗೆಸುತ್ತೇವೆ’. ಮಗಳ ಅಭಿಪ್ರಾಯವನ್ನು ಕೇಳದೆ, ಅಪರಿಚಿತ ಆಮಿಲರ ಕನಸನ್ನು ಕೇಳುತ್ತೇವೆ.

ಹಿಜರಿ 18ರಲ್ಲಿ ಸಿರಿಯಾದ ಕಡೆ ಹೊರಟಿದ್ದ ಖಲೀಫಾ ಉಮರ್(ರ)ರಿಗೆ ಅಲ್ಲಿ ಪ್ಲೇಗ್ ಹರಡಿದ ಸುದ್ದಿ ತಲುಪಿತು. ಅವರು ಮುಹಾಜಿರ್‌ಗಳನ್ನು ಕೇಳಿದರು, ಅನ್ಸಾರ್‌ಗಳನ್ನು ಕೇಳಿದರು, ಭಿನ್ನಾಭಿಪ್ರಾಯ ಬಂತು. ಕುರೈಶ್‌ನ ಹಿರಿಯರನ್ನು ಕೇಳಿ, ಹಿಂದಿರುಗುವ ನಿರ್ಧಾರ ಮಾಡಿದರು. ಅಲ್ಲಾಹನ ವಿಧಿಯಿಂದ ಓಡುವಿರಾ ಎಂದು ಅಬೂ ಉಬೈದಾ(ರ) ಪ್ರಶ್ನಿಸಿದಾಗ, ವಿಧಿಯಿಂದ ವಿಧಿಯೆಡೆಗೇ ಹೋಗುತ್ತಿದ್ದೇವೆಂದು ಉತ್ತರಿಸಿದರು. ರೋಗವಿರುವ ಊರಿಗೆ ಹೋಗಬೇಡಿರೆಂಬ ಪ್ರವಾದಿವಚನವನ್ನು ಅಬ್ದುರ್ರಹ್ಮಾನ್ ಬಿನ್ ಔಫ್(ರ) ತಿಳಿಸಿದ್ದು ಆ ಬಳಿಕ. ಆ ರಾತ್ರಿ ನಮ್ಮ ಬಾಯಲ್ಲಿ ದುಆ ಇತ್ತು, ಉಮರ್(ರ)ರ ಈ ಘಟನೆ ನೆನಪಿಗೆ ಬರಲಿಲ್ಲ.

ಎದೆನೋವು, ಬೆವರು, ಎಡಗೈ ಸೆಳೆತ ಕಂಡರೆ ದುಆ ಆಟೋದಲ್ಲಿಯೇ ಓದಿರಿ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಸರಕಾರಿ ಆಸ್ಪತ್ರೆಗಳಲ್ಲಿ ಇ.ಸಿ.ಜಿ. ಮಾಡಿ, ಅಗತ್ಯವಿದ್ದರೆ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡಿದೆ. ಜುಮುಅದ ಪ್ರವಚನದಲ್ಲಿ ಇದನ್ನು ತಿಳಿಸಬೇಕೆಂದು ಇಲ್ಲಿರುವ ಇಮಾಮರಲ್ಲಿ ವಿನಂತಿಸುತ್ತೇವೆ.

ಆ ಚಾಲಕರನ್ನು ಕಾಣಲು ಹೋದಾಗ ಅವರ ಪತ್ನಿ ಚಹಾ ತಂದಿಟ್ಟರು. ನಮ್ಮನ್ನು ದೂರಲಿಲ್ಲ. “ಮೌಲಾನಾ, ನನ್ನ ಮಾತು ಅವರು ಕೇಳುತ್ತಿರಲಿಲ್ಲ. ನೀವು ಹೋಗಿ ಎಂದಿದ್ದರೆ ಹೋಗುತ್ತಿದ್ದರು” ಎಂದಷ್ಟೇ ಹೇಳಿದರು.